ಹಡಗಿನ ದಿನಚರಿಗಳೂ ಜಮಖಂಡಿ ಸೀಮೆಯ ಮಳೆ-ಬರಗಳ ಇತಿಹಾಸವೂ

೧

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳನ್ನೊಳಗೊಂಡ ಸೀಮೆಯು ಕೃಷ್ಣಾ-ಘಟಪ್ರಭೆಗಳ ದಂಡೆಗುಂಟ ಹಬ್ಬಿಕೊಂಡ ಒಳನಾಡು. ಪಡುವಣ ಕಡಲು ಇಲ್ಲಿಂದ ಸುಮಾರು ಇನ್ನೂರು ಕಿಲೋಮೀಟರು ದೂರ. ನಡುವೆ ಸಹ್ಯಾದ್ರಿಯ ಸಾಲು. ಈ ಸೀಮೆಯ ಇತಿಹಾಸವನ್ನು ಬರೆಯಹೊರಟವರು ಶಾಸನಗಳನ್ನೂ ಸಂಸ್ಥಾನಗಳ ದಫ್ತರಗಳನ್ನೂ ಗ್ಯಾಸೆಟಿಯರುಗಳನ್ನೂ ನೋಡುವರಲ್ಲದೆ ಹಡಗುಗಳ ದಿನಚರಿಗಳನ್ನು ನೋಡಬೇಕೆಂದು ಯೋಚಿಸುವುದಿಲ್ಲ. ಆದರೆ ಈ ಸೀಮೆಯ ಬಾಳುವೆಗೆ ಮೂಲವಾದ ಮಳೆಯೂ, ಅದರ ನದಿಗಳನ್ನು ತುಂಬಿಸುವ ಮೋಡಗಳೂ ಕಡಲ ಮೇಲಿನಿಂದಲೇ ಬರತಕ್ಕವು. ಆ ಕಡಲಿನಲ್ಲಿ ಯಾವ ದಿನ ಯಾವ ದಿಕ್ಕಿನಿಂದ ಗಾಳಿ ಬೀಸಿತೆಂಬುದನ್ನು ಎರಡು ಶತಮಾನಗಳಿಗೂ ಮಿಕ್ಕಿ ಬರೆದಿಟ್ಟವರು ನಾವಿಕರು. ಅವರ ಬರಹವನ್ನು ಇಂದು ಸಾವಿರಾರು ಮಂದಿ ಸ್ವಯಂಸೇವಕರು ಓದಿ ಪ್ರತಿಮಾಡುತ್ತಿದ್ದಾರೆ. ಈ ಕಾರ್ಯದ ಸ್ವರೂಪವೇನು, ಅದರಿಂದ ನಮ್ಮ ಸೀಮೆಯ ಬರಗಳ ಇತಿಹಾಸಕ್ಕೆ ದೊರೆಯುವ ಬೆಳಕೆಷ್ಟು, ಆ ಬೆಳಕು ಮುಟ್ಟಲಾರದ ಮೂಲೆಗಳಾವುವು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸುವೆವು.

ಇದು ಕೇವಲ ಕುತೂಹಲದ ವಿಷಯವಲ್ಲ. ಬರವೆಂಬುದು ಆಕಾಶದಿಂದ ಇಳಿದ ವಿಪತ್ತೋ, ಅರಸರ ದಂಡುಗಳೂ ಸರಕಾರದ ನೀತಿಗಳೂ ತಂದೊಡ್ಡಿದ ವಿಪತ್ತೋ ಎಂಬ ಪ್ರಶ್ನೆ ಹಳೆಯದು. ಮಳೆ ಎಷ್ಟರಮಟ್ಟಿಗೆ ತಪ್ಪಿತೆಂಬುದು ಗೊತ್ತಾಗದ ಹೊರತು ಮನುಷ್ಯರ ಪಾಲು ಎಷ್ಟೆಂಬುದೂ ಗೊತ್ತಾಗಲಾರದು. ಸತ್ತವರ ಲೆಕ್ಕವನ್ನು ನ್ಯಾಯವಾಗಿ ಬರೆಯಬೇಕಾದರೆ ಮೊದಲು ಮಳೆಯ ಲೆಕ್ಕವನ್ನು ಸರಿಯಾಗಿ ಬರೆಯಬೇಕು.

೨

ನಾವಿಕರು ಲಾಗ್‌ಬುಕ್ಕೆಂದು ಕರೆಯುವ ದಿನಚರಿಯ ಹೆಸರೇ ಅದರ ಹುಟ್ಟನ್ನು ಹೇಳುತ್ತದೆ. ಮರದ ಒಂದು ತುಂಡನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಬಿಟ್ಟು, ಗೊತ್ತಾದ ಅವಧಿಯಲ್ಲಿ ಹಗ್ಗದ ಎಷ್ಟು ಗಂಟುಗಳು ಕೈಬಿಟ್ಟು ಹೋದುವೆಂದು ಎಣಿಸಿ ಹಡಗಿನ ವೇಗವನ್ನು ತಿಳಿಯುತ್ತಿದ್ದರು. ಆ ಮರದ ತುಂಡು ಲಾಗು. ಆ ಲೆಕ್ಕವನ್ನು ಬರೆಯುವ ಪುಸ್ತಕ ಲಾಗ್‌ಬುಕ್ಕು. ನೆಲ ಕಾಣದ ಕಡಲಿನಲ್ಲಿ ಹಡಗು ಎಲ್ಲಿದೆಯೆಂದು ತಿಳಿಯುವುದಕ್ಕೆ ವೇಗದೊಡನೆ ದಿಕ್ಕೂ ಗಾಳಿಯೂ ಬೇಕಾಗಿದ್ದುದರಿಂದ ಅವೂ ಆ ಪುಸ್ತಕವನ್ನು ಸೇರಿದುವು. ಗಾಳಿಯ ದಿಕ್ಕನ್ನು ಮೂವತ್ತೆರಡು ಭಾಗಗಳ ದಿಕ್ಸೂಚಿಯಲ್ಲಿ ಗುರುತಿಸುತ್ತಿದ್ದರು. ಪ್ರಾಣಭಯದಿಂದ ಬರೆದ ಲೆಕ್ಕವಾದುದರಿಂದ ಅದರಲ್ಲಿ ಅಲಕ್ಷ್ಯಕ್ಕೆ ಎಡೆ ಕಡಮೆ. ಇದೇ ಈ ಸಾಧನದ ಮೊದಲನೆಯ ಗುಣ.

ಇಂತಹ ಬರಹಗಳಿಂದ ಹವೆಯ ಜ್ಞಾನವನ್ನು ಹಿಂಡಿ ತೆಗೆಯುವ ಪ್ರಯತ್ನವೂ ಹೊಸದಲ್ಲ. ಎಡ್ಮಂಡ್ ಹ್ಯಾಲಿಯು ೧೬೮೬ರಲ್ಲಿ ನಾವಿಕರ ಅನುಭವವನ್ನು ಆಧಾರವಾಗಿಟ್ಟುಕೊಂಡು ವ್ಯಾಪಾರ ಮಾರುತಗಳ ಮತ್ತು ಹಿಂದೂ ಮಹಾಸಾಗರದ ಮಾನ್ಸೂನ್ ಮಾರುತಗಳ ನಕ್ಷೆಯನ್ನು ಪ್ರಕಟಿಸಿದನು. ಈಸ್ಟ್ ಇಂಡಿಯಾ ಕಂಪನಿಯ ಜಲನಕ್ಷೆಗಳ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಡ್ಯಾಲ್ರಿಂಪಲನು ವಾಯುಭಾರಮಾಪಕ ಮತ್ತು ಉಷ್ಣಮಾಪಕಗಳ ಎಣಿಕೆಗಳನ್ನು ದಿನಚರಿಯಲ್ಲಿ ಬರೆಯುವಂತೆ ಕಪ್ತಾನರನ್ನು ಪ್ರೇರಿಸಿದನು. ಗಾಳಿಯ ಬಲವನ್ನು ಸೊನ್ನೆಯಿಂದ ಹನ್ನೆರಡರವರೆಗೆ ಅಂಕೆಗಳಲ್ಲಿ ಹೇಳುವ ಕ್ರಮವನ್ನು ಫ್ರಾನ್ಸಿಸ್ ಬೋಫೋರ್ಟನು ೧೮೦೬ರಲ್ಲಿ ರೂಪಿಸಿದನು. ಬ್ರಿಟಿಷ್ ನೌಕಾದಳವು ೧೮೩೮ರಲ್ಲಿ ಅದನ್ನು ತನ್ನ ಹಡಗುಗಳಿಗೆಲ್ಲ ವಿಧಿಸಿತು. ನಮ್ಮ ದೇಶದಲ್ಲಿಯೇ ಕಲಕತ್ತೆಯ ಹೆನ್ರಿ ಪಿಡಿಂಗ್ಟನ್ನನು ೧೮೩೯ರಿಂದ ಮೊದಲುಗೊಂಡು ಬಿರುಗಾಳಿಗೆ ಸಿಕ್ಕ ಹಡಗುಗಳ ದಿನಚರಿಗಳನ್ನು ಒಟ್ಟುಗೂಡಿಸಿ, ಒಂದರೊಡನೊಂದನ್ನು ಹೋಲಿಸಿ, ಗಾಳಿಯು ಸುಳಿಯಾಗಿ ತಿರುಗುವುದೆಂದು ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನಮಾಲೆಯನ್ನೇ ಬರೆದನು. ಇಂದು ಲೋಕವೆಲ್ಲ ಬಳಸುವ ‘ಸೈಕ್ಲೋನ್’ ಎಂಬ ಶಬ್ದವು ೧೮೪೮ರಲ್ಲಿ ಪ್ರಕಟವಾದ ಅವನ ಗ್ರಂಥದಿಂದ ಪ್ರಚಾರಕ್ಕೆ ಬಂದಿತು. ಅಮೆರಿಕದ ನೌಕಾದಳದ ಮ್ಯಾಥ್ಯೂ ಮೋರಿಯ ಪ್ರಯತ್ನದಿಂದ ೧೮೫೩ರಲ್ಲಿ ಬ್ರಸೆಲ್ಸ್ ನಗರದಲ್ಲಿ ಕಡಲನಾಡುಗಳ ಪ್ರತಿನಿಧಿಗಳು ಸೇರಿ ದಿನಚರಿಯ ಕಲಮುಗಳೆಲ್ಲ ಒಂದೇ ಮಾದರಿಯವಾಗಿರಬೇಕೆಂದು ಗೊತ್ತುಮಾಡಿದರು. ಇದರಿಂದ ಬೇರೆಬೇರೆ ದೇಶಗಳ ಹಡಗುಗಳ ಮಾತುಗಳನ್ನು ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಲು ಸಾಧ್ಯವಾಯಿತು.

೩

ದಿನಚರಿಗಳ ಸಂಖ್ಯೆ ಅಪಾರವಾದುದು. ಅವು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಫ್ತರಖಾನೆ, ಬ್ರಿಟಿಷ್ ಗ್ರಂಥಾಲಯ, ಅಮೆರಿಕದ ರಾಷ್ಟ್ರೀಯ ದಫ್ತರಖಾನೆ ಮೊದಲಾದೆಡೆಗಳಲ್ಲಿ ಕಟ್ಟುಕಟ್ಟಾಗಿ ಉಳಿದಿವೆ. ಇವುಗಳಲ್ಲಿನ ಕೈಬರಹವನ್ನು ಯಂತ್ರಗಳು ನೆಚ್ಚಿಕೆಯಾಗಿ ಓದಲಾರದೆ ಹೋದುದರಿಂದ ೨೦೧೦ರ ಅಕ್ಟೋಬರದಲ್ಲಿ ‘ಓಲ್ಡ್ ವೆದರ್’ ಎಂಬ ಹೆಸರಿನಲ್ಲಿ ಸಾರ್ವಜನಿಕರ ನೆರವನ್ನು ಬೇಡಲಾಯಿತು. ಒಂದನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ನೌಕಾದಳದ ದಿನಚರಿಗಳ ಪುಟಗಳನ್ನು ಛಾಯಾಚಿತ್ರಗಳಾಗಿ ಒದಗಿಸಿ, ಓದಬಲ್ಲವರೆಲ್ಲ ಓದಿ ಪ್ರತಿಮಾಡಿಕೊಡಬೇಕೆಂದು ಕೇಳಿಕೊಂಡರು. ಹದಿನಾರು ಸಾವಿರಕ್ಕೂ ಮಿಕ್ಕ ಜನರು ಮುಂದೆ ಬಂದರು. ಎರಡು ವರುಷಗಳ ಸುಮಾರಿನಲ್ಲಿ ಹದಿನಾರು ಲಕ್ಷ ಹವೆಯ ಎಣಿಕೆಗಳು ಪ್ರತಿಯಾದುವು. ೨೦೧೨ರಿಂದ ಉತ್ತರಧ್ರುವದ ಹಿಮಸಮುದ್ರದಲ್ಲಿ ಸಂಚರಿಸಿದ ಅಮೆರಿಕದ ಹಡಗುಗಳ ದಿನಚರಿಗಳನ್ನೂ ಕೈಗೆತ್ತಿಕೊಂಡರು. ತರುವಾಯ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರ ಪ್ರೇರಣೆಯಿಂದ ಎರಡನೆಯ ಮಹಾಯುದ್ಧದ ಕಾಲದ ಅಮೆರಿಕನ್ ಯುದ್ಧನೌಕೆಗಳ ದಿನಚರಿಗಳೂ, ೧೮೬೦ ಮತ್ತು ೧೮೭೦ರ ದಶಕಗಳ ದಿನಚರಿಗಳೂ ಇದೇ ರೀತಿಯಲ್ಲಿ ಪ್ರತಿಯಾದುವು. ೨೦೨೦ರ ವಸಂತದಲ್ಲಿ ಮಹಾಮಾರಿಯ ಭಯದಿಂದ ಜನರು ಮನೆಯಲ್ಲಿಯೇ ಉಳಿಯಬೇಕಾದಾಗ ಅದೇ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಹಳೆಯ ಮಳೆಯ ಲೆಕ್ಕದ ಸುಮಾರು ೬೫,೦೦೦ ಹಾಳೆಗಳನ್ನು ಜನರ ಮುಂದಿಟ್ಟರು. ಹದಿನಾರು ಸಾವಿರ ಜನರು ಹದಿನಾರು ದಿನಗಳಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಅಂಕೆಗಳನ್ನು ಬರೆದು ಮುಗಿಸಿದರು.

ಪಂಡಿತರಲ್ಲದವರು ಮಾಡಿದ ಪ್ರತಿಯನ್ನು ನಂಬುವುದು ಹೇಗೆಂದು ವಾಚಕರು ಕೇಳಬಹುದು. ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಇದರ ಉತ್ತರವು ಹೊಸದೆನಿಸದು. ಒಂದು ಕಾವ್ಯದ ಒಂದೇ ಓಲೆಪ್ರತಿಯನ್ನು ನೆಚ್ಚದೆ ಹಲವು ಪ್ರತಿಗಳನ್ನು ಕಲೆಹಾಕಿ ಪಾಠಾಂತರಗಳನ್ನು ತೂಗಿನೋಡುವಂತೆ, ಓಲ್ಡ್ ವೆದರಿನಲ್ಲಿ ಒಂದೊಂದು ಪುಟವನ್ನೂ ಮೂವರು ಬೇರೆಬೇರೆಯಾಗಿ ಓದುವ ಏರ್ಪಾಡನ್ನಿಟ್ಟಿದ್ದರು. ಇಬ್ಬರ ಓದು ಕೂಡಿದರೆ ಅದು ಗ್ರಾಹ್ಯ. ಒಬ್ಬೊಬ್ಬ ಓದುಗನ ಓದೇ ನೂರಕ್ಕೆ ಸುಮಾರು ೯೭ರಷ್ಟು ಸರಿಯಾಗಿತ್ತೆಂದು ಪರೀಕ್ಷೆಯಿಂದ ಕಂಡುಬಂದಿತು. ಮೂವರದನ್ನು ಕೂಡಿಸಿದಾಗ ತಪ್ಪು ಇನ್ನೂ ಕಡಮೆಯಾಯಿತು. ಭೇದವೊಂದುಂಟು. ಓಲೆಪ್ರತಿಗಳಲ್ಲಿ ಮೂಲವು ಕಳೆದುಹೋಗಿ ಪ್ರತಿಗಳಷ್ಟೇ ಉಳಿದಿರುತ್ತವೆ. ಇಲ್ಲಿ ಮೂಲವೇ ಕಣ್ಣಮುಂದಿದ್ದು ಪ್ರತಿಕಾರರು ಮೂವರಾಗಿದ್ದಾರೆ. ಆದುದರಿಂದ ಸಂಪಾದಕನ ಕೆಲಸವು ಇಲ್ಲಿ ಹಗುರವಾದುದು, ಮತ್ತು ಸಂಶಯ ಬಂದಲ್ಲಿ ಮೂಲಕ್ಕೆ ಮರಳುವ ದಾರಿಯು ಸದಾ ತೆರೆದಿರುವುದು.

ಪ್ರತಿಮಾಡಿದವರು ಅಂಕೆಗಳನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ. ದಿನಚರಿಗಳಲ್ಲಿ ರೋಗಿಗಳ ಸಂಖ್ಯೆ, ಶಿಕ್ಷೆಗಳು, ಕಲ್ಲಿದ್ದಲು ತುಂಬಿಸಿದ ವಿವರ, ಸತ್ತವರನ್ನು ನೀರಿಗೆ ಒಪ್ಪಿಸಿದ ವಾರ್ತೆ ಇವೆಲ್ಲವೂ ಇವೆ. ಒಂದು ಹಡಗಿನ ಸಂಗಡ ತಿಂಗಳುಗಟ್ಟಲೆ ಸಾಗಿದ ಓದುಗರು ಆ ಹಡಗಿನ ಚರಿತ್ರೆಯನ್ನೇ ಬರೆದುಕೊಟ್ಟಿದ್ದಾರೆ. ಹವಾಶಾಸ್ತ್ರಕ್ಕಾಗಿ ಆರಂಭವಾದ ಕಾರ್ಯವು ಹೀಗೆ ಇತಿಹಾಸಕ್ಕೂ ಉಪಕಾರ ಮಾಡಿತು.

೪

ಕಡಲಿನ ಮೇಲಣ ಅಂಕೆಗಳು ನೆಲದ ಮೇಲಣ ಮಳೆಯ ವಿಷಯದಲ್ಲಿ ಮಾತನಾಡುವುದು ಹೇಗೆ? ವಾಯುಭಾರವೆಂಬುದು ಒಂದೆಡೆಗೆ ಮಾತ್ರ ಸೇರಿದುದಲ್ಲ. ಒಂದು ಪ್ರದೇಶದಲ್ಲಿ ಅದು ಏರಿದರೆ ಇನ್ನೊಂದು ಪ್ರದೇಶದಲ್ಲಿ ಇಳಿದಿರುತ್ತದೆ. ಆ ಏರಿಳಿತದಿಂದಲೇ ಗಾಳಿಯು ಹುಟ್ಟುತ್ತದೆ. ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರನು ಮಾನ್ಸೂನು ತಪ್ಪುವುದರ ಕಾರಣವನ್ನು ಹುಡುಕುತ್ತ ಹೋಗಿ, ಹಿಂದೂ ಮಹಾಸಾಗರದ ಮತ್ತು ಶಾಂತಸಾಗರದ ವಾಯುಭಾರಗಳು ತಕ್ಕಡಿಯ ಎರಡು ತಟ್ಟೆಗಳಂತೆ ಏರಿಳಿಯುತ್ತವೆಂದು ಕಂಡುಕೊಂಡು, ೧೯೨೪ರಲ್ಲಿ ಅದಕ್ಕೆ ದಕ್ಷಿಣದ ತೂಗಾಟವೆಂಬರ್ಥದ ಹೆಸರನ್ನಿಟ್ಟನು. ಈ ತೂಗಾಟಕ್ಕೂ ಶಾಂತಸಾಗರದ ನೀರು ಕಾಯುವ ಎಲ್ ನಿನೊ ಎಂಬ ವಿದ್ಯಮಾನಕ್ಕೂ ಇರುವ ಸಂಬಂಧವನ್ನು ೧೯೬೯ರಲ್ಲಿ ಬ್ಯೆರ್ಕ್ನೆಸನು ವಿಶದಪಡಿಸಿದನು.

ಈ ತತ್ತ್ವವನ್ನು ಅವಲಂಬಿಸಿ, ನೆಲ ಮತ್ತು ಕಡಲುಗಳಲ್ಲಿ ದಾಖಲಾದ ವಾಯುಭಾರದ ಅಂಕೆಗಳನ್ನೂ ಸಮುದ್ರದ ಮೇಲ್ಮೈಯ ಉಷ್ಣತೆಯನ್ನೂ ಗಣಕಯಂತ್ರಕ್ಕೆ ಕೊಟ್ಟು, ಗತಿಸಿದ ದಿನಗಳ ಹವೆಯನ್ನು ಲೋಕಕ್ಕೆಲ್ಲ ಅನ್ವಯಿಸಿ ಮರಳಿ ಕಟ್ಟುವ ಕಾರ್ಯವು ಅಮೆರಿಕದಲ್ಲಿ ನಡೆದಿದೆ. ೨೦೧೯ರಲ್ಲಿ ಪ್ರಕಟವಾದ ಅದರ ಮೂರನೆಯ ಆವೃತ್ತಿಯು ೧೮೩೬ರಿಂದ ೨೦೧೫ರವರೆಗಿನ ಕಾಲವನ್ನು ಒಳಗೊಂಡಿದೆ. ಸ್ವಯಂಸೇವಕರು ಪ್ರತಿಮಾಡಿದ ದಿನಚರಿಗಳ ಅಂಕೆಗಳು ಇಂತಹ ಕಟ್ಟಡಕ್ಕೆ ಇಟ್ಟಿಗೆಗಳಾಗಿವೆ. ಆದರೆ ಆ ಕಟ್ಟಡದ ಒಂದೊಂದು ಅಂಕಣವೂ ಸುಮಾರು ೭೫ ಕಿಲೋಮೀಟರಿನಷ್ಟು ಅಗಲವಾದುದು. ರಬಕವಿಯಿಂದ ಬೀಳಗಿಯವರೆಗಿನ ಸೀಮೆಯೆಲ್ಲ ಅಂತಹ ಒಂದೇ ಅಂಕಣದಲ್ಲಿ ಅಡಗಿಹೋಗಬಹುದು. ಒಂದು ಹೊಲಕ್ಕೆ ಬಂದ ಮಳೆ ನೆರೆಯ ಹೊಲಕ್ಕೆ ಬಾರದಿರುವ ನಮ್ಮ ಬಯಲುಸೀಮೆಯಲ್ಲಿ ಇದು ಸಣ್ಣ ಕೊರತೆಯಲ್ಲ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಈ ಸೀಮೆಯ ಮೇಲೆ ಎರಡು ಆಕಾಶಗಳಿವೆಯೆಂದು ಹೇಳಿದರೆ ತಪ್ಪಾಗದು. ಜಮಖಂಡಿಯ ಹೊಲಗಳು ಸಹ್ಯಾದ್ರಿಯ ಮರೆಯಲ್ಲಿವೆ. ವರುಷದ ಮಳೆಯು ಐನೂರು-ಆರುನೂರು ಮಿಲಿಮೀಟರಿನ ಆಚೀಚೆ. ಅದರಲ್ಲಿಯೂ ಬಹುಭಾಗವು ಮುಂಗಾರು ಮುಗಿಯುತ್ತ ಬಂದ ಸೆಪ್ಟೆಂಬರ-ಅಕ್ಟೋಬರಗಳಲ್ಲಿ, ಗುಡುಗು-ಸಿಡಿಲುಗಳೊಡನೆ ಬೀಳತಕ್ಕುದು. ಹಿಂಗಾರಿಯ ಬಿಳಿಜೋಳಕ್ಕೆ ಇದೇ ಆಧಾರ. ಕೃಷ್ಣೆಯಾದರೋ ಮಹಾಬಳೇಶ್ವರದ ಕಡೆಯಿಂದ, ವರುಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಘಟ್ಟಗಳಿಂದ ಇಳಿದು ಬರುವಳು. ಆದುದರಿಂದ ಇಲ್ಲಿಯ ಹೊಲವು ಒಣಗಿರುವಾಗಲೇ ಹೊಳೆಯು ದಂಡೆಮೀರಿ ಬರುವುದುಂಟು. ೨೦೦೫ ಮತ್ತು ೨೦೧೯ರ ಮಹಾಪೂರಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅರಬ್ಬೀ ಸಮುದ್ರದ ಹಡಗುಗಳು ದಾಖಲಿಸಿದ ನೈಋತ್ಯದ ಗಾಳಿಯು ಘಟ್ಟದ ಮಳೆಗೂ ಹೊಳೆಗೂ ನೇರವಾದ ಸಾಕ್ಷಿ. ಹೊಲದ ಮಳೆಗೆ ದೂರದ ಸಾಕ್ಷಿ. ಈ ಭೇದವನ್ನು ಮರೆತು ಕಡಲಿನ ಅಂಕೆಯಿಂದ ಜಮಖಂಡಿಯ ಸುಗ್ಗಿಯನ್ನು ಊಹಿಸಹೊರಟರೆ ಪ್ರಮಾದಕ್ಕೆ ಗುರಿಯಾಗಬೇಕಾದೀತು.

೫

ಈಗ ಎರಡು ಬರಗಳನ್ನು ಉದಾಹರಣೆಗಾಗಿ ತೆಗೆದುಕೊಳ್ಳುವೆವು. ಮೊದಲನೆಯದು ೧೭೯೧-೯೨ರ ಡೋಗಿ ಬರ. ಹೂಳುವವರಿಲ್ಲದೆ ಸತ್ತವರ ತಲೆಬುರುಡೆಗಳು ನೆಲದ ತುಂಬ ಬಿದ್ದುವಾದುದರಿಂದ ಆ ಹೆಸರು ಬಂದಿತೆಂದು ಬಿಜಾಪುರ-ಬೆಳಗಾವಿ-ಧಾರವಾಡಗಳ ಕಡೆಯಲ್ಲಿ ಹೇಳಿಕೆಯಿದ್ದು, ಮುಂಬಯಿ ಸರಕಾರದ ಗ್ಯಾಸೆಟಿಯರುಗಳಲ್ಲಿಯೂ ಅದು ದಾಖಲಾಗಿದೆ. ಆ ಕಾಲದಲ್ಲಿ ಈ ಸೀಮೆಯಲ್ಲಿ ಮಳೆಮಾಪಕಗಳಿರಲಿಲ್ಲ. ಜನರ ನೆನಪೇ ಇಲ್ಲಿಯ ಸಾಕ್ಷಿ.

ಆದರೆ ಅದೇ ವರ್ಷಗಳಲ್ಲಿ ಪೂರ್ವ ಕರಾವಳಿಯ ಸಾಮಲಕೋಟೆಯಲ್ಲಿ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆದ ವಿಲಿಯಂ ರಾಕ್ಸ್‌ಬರ್ಗನು ಹವೆಯ ಲೆಕ್ಕವನ್ನಿಡುತ್ತಿದ್ದನು. ಮದರಾಸಿನಲ್ಲಿಯೂ ಅವನು ಈ ಮೊದಲೇ ಅಂತಹ ದಿನಚರಿಯನ್ನಿಟ್ಟು ೧೭೭೮ರಲ್ಲಿ ಪ್ರಕಟಿಸಿದ್ದನು. ಅವನ ಬರಹಗಳನ್ನೂ ಲೋಕದ ಇತರ ಭಾಗಗಳ ದಾಖಲೆಗಳನ್ನೂ ಜೋಡಿಸಿ ರಿಚರ್ಡ್ ಗ್ರೋವನು ೧೯೯೮ರಲ್ಲಿ, ೧೭೮೯ರಿಂದ ೧೭೯೩ರವರೆಗೆ ಪ್ರಬಲವಾದ ಎಲ್ ನಿನೊ ಒಂದು ನಡೆದಿತ್ತೆಂದು ಪ್ರತಿಪಾದಿಸಿದನು. ಕಂಪನಿಯ ಹಡಗುಗಳಲ್ಲಿ ಉಪಕರಣಗಳ ಎಣಿಕೆಯು ದಾಖಲಾಗತೊಡಗಿದುದೂ ೧೭೮೯ರ ಸುಮಾರಿನಲ್ಲಿಯೇ ಎಂಬುದು ನಮಗೆ ಅನುಕೂಲವಾಗಿ ಪರಿಣಮಿಸಿದೆ. ೧೭೮೯ರಿಂದ ೧೮೩೪ರವರೆಗಿನ ೮೯೧ ದಿನಚರಿಗಳಿಂದ ಸುಮಾರು ೨,೭೩,೦೦೦ ದಾಖಲೆಗಳನ್ನು ಪ್ರತಿಮಾಡಿಸಿ, ಫಿಲಿಪ್ ಬ್ರೋಹನ್ ಮತ್ತು ಸಂಗಡಿಗರು ೨೦೧೨ರಲ್ಲಿ ಪ್ರಕಟಿಸಿದ್ದಾರೆ. ೧೮೧೫ರ ತಾಂಬೋರಾ ಅಗ್ನಿಪರ್ವತದ ಸ್ಫೋಟದ ತರುವಾಯ ಕಡಲಿನ ಮೇಲಣ ಗಾಳಿಯು ಅಲ್ಪಪ್ರಮಾಣದಲ್ಲಿ ತಣ್ಣಗಾದುದು ಈ ಅಂಕೆಗಳಿಂದ ತಿಳಿದುಬಂದಿದೆ. ಇಂಗ್ಲೆಂಡಿನಿಂದ ಇಂಡಿಯಾ-ಚೀನಗಳಿಗೆ ಹೋಗಿಬರುವ ಹಡಗುಗಳಾದುದರಿಂದ ಹಿಂದೂ ಮಹಾಸಾಗರದ ಗಾಳಿಯ ದಿನದಿನದ ಲೆಕ್ಕವು ಇವುಗಳಲ್ಲಿದೆ. ನಮ್ಮ ನೆಲದಲ್ಲಿ ಬುರುಡೆಗಳು ಬಿದ್ದಿದ್ದ ಕಾಲದಲ್ಲಿ ಕಡಲಿನ ಗಾಳಿ ಹೇಗಿತ್ತೆಂದು ಕೇಳಲು ಇಂದು ಸಾಕ್ಷಿಗಳಿದ್ದಾರೆ.

ಆದರೆ ಈ ಸಾಕ್ಷಿಯು ಪೂರ್ಣವಲ್ಲ. ೧೭೯೦ರಿಂದ ೧೭೯೨ರವರೆಗೆ ಟಿಪ್ಪು ಸುಲ್ತಾನನ ಮೇಲೆ ಕಂಪನಿ, ಮರಾಠರು ಮತ್ತು ನಿಜಾಮರು ಕೂಡಿ ನಡೆಸಿದ ಯುದ್ಧವು ಇದೇ ನಾಡನ್ನು ತುಳಿದುಹೋಯಿತು. ಪರಶುರಾಮಭಾವು ಪಟವರ್ಧನನ ದಂಡೂ ಕಪ್ತಾನ ಲಿಟ್ಲನ ಮುಂಬಯಿ ಪಡೆಯೂ ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ೧೭೯೧ರ ಏಪ್ರಿಲಿನಲ್ಲಿ ಅದನ್ನು ಗೆದ್ದುಕೊಂಡುವು. ಅಷ್ಟು ದೊಡ್ಡ ದಂಡುಗಳ ಕುದುರೆ-ಎತ್ತುಗಳಿಗೆ ಮೇವೂ ಆಳುಗಳಿಗೆ ಕಾಳೂ ಹಾದಿಯ ಹಳ್ಳಿಗಳಿಂದಲೇ ಹೋಗಬೇಕಾಗಿತ್ತು. ಮಳೆ ತಪ್ಪಿದ ನೆಲದಲ್ಲಿ ಹಗೇವುಗಳೂ ಬರಿದಾದಮೇಲೆ ಉಳಿಯುವುದೇನು? ಹತ್ತು ವರುಷಗಳ ತರುವಾಯ, ೧೮೦೨-೦೪ರಲ್ಲಿ, ದಖ್ಖನ್ನಿನಲ್ಲಿ ಮತ್ತೆ ಕ್ಷಾಮ ಬಂದಾಗಲೂ ಹೋಳ್ಕರನ ದಂಡು ಮತ್ತು ಪೆಂಢಾರಿಗಳ ಲೂಟಿಯೇ ಅದಕ್ಕೆ ಮುಖ್ಯ ಕಾರಣವೆಂದು ದಾಖಲಾಗಿದೆ. ಹಡಗಿನ ದಿನಚರಿಯು ಗಾಳಿಯ ತಪ್ಪನ್ನು ಮಾತ್ರ ಹೇಳಬಲ್ಲುದು. ದಂಡಿನ ತಪ್ಪನ್ನು ಹೇಳಲಾರದು. ಆ ಭಾಗಕ್ಕೆ ನಾವು ಪಟವರ್ಧನರ ಪತ್ರಗಳಂತಹ ಸಾಧನಗಳಿಗೇ ಹೋಗಬೇಕು. ಮಿರಜಿನ ವಾಸುದೇವಶಾಸ್ತ್ರಿ ಖರೆಯವರು ಮೋಡಿಯಲ್ಲಿದ್ದ ಆ ಪತ್ರರಾಶಿಯನ್ನು ಓದಿ ಪ್ರತಿಮಾಡಿ ೧೮೯೭ರಿಂದ ‘ಐತಿಹಾಸಿಕ ಲೇಖ ಸಂಗ್ರಹ’ವೆಂದು ಪ್ರಕಟಿಸತೊಡಗಿದುದು ಇಲ್ಲಿ ಸ್ಮರಣೀಯವಾಗಿದೆ. ಸಾವಿರಾರು ಜನರು ಇಂದು ಕೂಡಿ ಮಾಡುವಂತಹ ಕೆಲಸಕ್ಕೆ ಅಂದು ಒಬ್ಬರೇ ತಮ್ಮ ಆಯುಷ್ಯವನ್ನು ಸವೆಸಿದರು.

೬

ಎರಡನೆಯ ಉದಾಹರಣೆ ೧೮೭೬-೭೮ರ ಮಹಾಕ್ಷಾಮ. ಆಗ ಬ್ರಿಟಿಷರ ಜಿಲ್ಲೆಗೆ ಕಲಾದಗಿಯೇ ಮುಖ್ಯಪಟ್ಟಣವಾಗಿತ್ತು. ೧೮೭೨ರ ಜನಗಣತಿಯಲ್ಲಿ ಸುಮಾರು ೮ ಲಕ್ಷ ೧೬ ಸಾವಿರವಿದ್ದ ಆ ಜಿಲ್ಲೆಯ ಜನಸಂಖ್ಯೆಯು ೧೮೮೧ರಲ್ಲಿ ೬ ಲಕ್ಷ ೩೮ ಸಾವಿರಕ್ಕೆ ಇಳಿಯಿತು. ಎಂದರೆ ನೂರಕ್ಕೆ ಸುಮಾರು ಇಪ್ಪತ್ತೆರಡು ಮಂದಿ ಕಡಮೆಯಾದರು. ಇವರಲ್ಲಿ ಸತ್ತವರೂ ಉಂಟು, ಗುಳೆ ಹೋಗಿ ಮರಳದವರೂ ಉಂಟು.

ಭಾರತದ ಹವಾಮಾನ ಇಲಾಖೆಯು ಸ್ಥಾಪಿತವಾದುದು ೧೮೭೫ರಲ್ಲಿ. ಬರವು ಬಂದುದು ಅದರ ಮರುವರ್ಷ. ಒಳನಾಡಿನ ವೀಕ್ಷಣಾಲಯಗಳು ಇನ್ನೂ ವಿರಳವಾಗಿದ್ದ ಕಾಲದಲ್ಲಿ ಸಾಗರದ ಮೇಲಣ ಹಡಗುಗಳ ಲೆಕ್ಕಕ್ಕೆ ಹೆಚ್ಚಿನ ಬೆಲೆ ಬರುವುದು ಸಹಜ. ಆದುದರಿಂದಲೇ ೧೮೭೦ರ ದಶಕದ ದಿನಚರಿಗಳನ್ನು ಪ್ರತಿಮಾಡುವವರ ಶ್ರಮವು ಕನ್ನಡಿಗರಿಗೂ ಸಂಬಂಧಪಟ್ಟುದು. ೨೦೧೮ರಲ್ಲಿ ದೀಪ್ತಿ ಸಿಂಗ್ ಮತ್ತು ಸಂಗಡಿಗರು ಆ ವರ್ಷಗಳ ಹವೆಯನ್ನು ಪರಿಶೀಲಿಸಿ, ಶಾಂತಸಾಗರವು ಮೊದಲು ತಂಪಾಗಿದ್ದು ತರುವಾಯ ೧೮೭೭-೭೮ರಲ್ಲಿ ಅಸಾಧಾರಣವಾದ ಎಲ್ ನಿನೊ ಎದ್ದಿತೆಂದೂ, ಹಿಂದೂ ಮಹಾಸಾಗರದ ಪೂರ್ವಪಶ್ಚಿಮ ಭಾಗಗಳ ಉಷ್ಣತೆಯಲ್ಲಿ ದೊಡ್ಡ ವ್ಯತ್ಯಾಸವು ತಲೆದೋರಿತೆಂದೂ, ಅಟ್ಲಾಂಟಿಕ್ ಸಾಗರವೂ ಬಿಸಿಯಾಗಿತ್ತೆಂದೂ ತೋರಿಸಿದ್ದಾರೆ. ಇಂಡಿಯಾ, ಚೀನ, ಬ್ರೆಜಿಲ್, ಆಫ್ರಿಕೆಯ ಭಾಗಗಳು ಒಂದೇ ಕಾಲಕ್ಕೆ ಬೆಂದುಹೋದುದರ ಗುಟ್ಟು ಇದರಿಂದ ವಿದಿತವಾಗುತ್ತದೆ. ಆ ವರ್ಷ ಕಲಾದಗಿಯ ರೈತನು ತನ್ನ ಊರದೇವರು ಮುನಿದಳೆಂದು ತಿಳಿದಿದ್ದರೆ, ಅವನ ಊರಿನಲ್ಲಿ ಅಂತಹ ಮುನಿಸಿಗೆ ಕಾರಣವಾದ ತಪ್ಪೇನೂ ನಡೆದಿರಲಿಲ್ಲವೆಂದು ನಾವಿಂದು ಹೇಳಬಹುದಾಗಿದೆ.

ಆದರೆ ಇಲ್ಲಿಯೂ ಗಾಳಿಯ ಪಾಲು ಇಷ್ಟೇ. ೧೮೭೭ರ ಜನವರಿಯಲ್ಲಿ ರಿಚರ್ಡ್ ಟೆಂಪಲನು ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳು ಮತ್ತು ಒಂದು ಆಣೆಯೆಂದು ಕೂಲಿಯನ್ನು ಇಳಿಸಿದನು. ಮುಂಬಯಿ ಪ್ರಾಂತದ ಕೂಲಿಗಾರರು ಅದನ್ನು ಪ್ರತಿಭಟಿಸಿ ಕೆಲಸವನ್ನು ಬಿಟ್ಟೆದ್ದರು. ಪುಣೆಯ ಸಾರ್ವಜನಿಕ ಸಭೆಯು ಅವರ ಪಕ್ಷವನ್ನು ವಹಿಸಿತು. ದೇಶದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ಕಲಾದಗಿಯ ಜಿಲ್ಲೆಗೆ ಆಗ ರೈಲಿರಲಿಲ್ಲ. ಬಿಜಾಪುರದ ಮೇಲೆ ಹಾಯುವ ಹೊಟಗಿ-ಗದಗು ಮಾರ್ಗವು ಸಿದ್ಧವಾದುದು ೧೮೮೪ರ ಸುಮಾರಿಗೆ. ಎಲ್ ನಿನೊ ಮಳೆಯನ್ನು ತಡೆಯಿತು. ಕೂಲಿಯನ್ನು ತಡೆದುದು ಅದಲ್ಲ. ಹಡಗಿನ ದಿನಚರಿಗಳಿಂದ ಬರದ ಕಾರಣವು ತಿಳಿಯಿತೆಂದು ಹೇಳಿ ಗ್ರಂಥವನ್ನು ಮುಚ್ಚಿದರೆ, ಅಂದಿನ ಸರಕಾರವನ್ನು ಇಂದಿನ ವಿಜ್ಞಾನದ ಹೆಸರಿನಲ್ಲಿ ಖುಲಾಸೆ ಮಾಡಿದಂತಾದೀತು. ನಮ್ಮ ಅಭಿಪ್ರಾಯದಲ್ಲಿ ಈ ಹೊಸ ಸಾಧನದ ಉಪಯೋಗವು ಇದಕ್ಕೆ ವಿಪರೀತವಾಗಿದೆ. ಮಳೆಯ ಪಾಲನ್ನು ಅಳೆದು ಬ��ರ್ಪಡಿಸಿದ ಬಳಿಕ ಉಳಿದುದು ಮನುಷ್ಯರ ಪಾಲು. ಅದನ್ನು ಯಾರೂ ಆಕಾಶದ ಮೇಲೆ ಹೊರಿಸಲಾರರು.

೭

ಸಾಧನಗಳನ್ನು ಹೋಲಿಸುವಾಗ ಎದುರಾಗುವ ತೊಡಕುಗಳಲ್ಲಿ ತಿಥಿ-ದಿನಾಂಕಗಳದೇ ದೊಡ್ಡದು. ೧೮೦೫ರವರೆಗೆ ಬ್ರಿಟಿಷ್ ನೌಕಾದಳದ ದಿನವು ಮಧ್ಯಾಹ್ನಕ್ಕೆ ಆರಂಭವಾಗುತ್ತಿತ್ತು. ಊರಿನವರಿಗೆ ಜೂನ್ ೪ರ ಅಪರಾಹ್ನವಾದುದು ಹಡಗಿನವರಿಗೆ ಜೂನ್ ೫. ಇದನ್ನು ತಿಳಿಯದೆ ದಿನಚರಿಯ ಬಿರುಗಾಳಿಯನ್ನು ದಡದ ಬಿರುಗಾಳಿಯೊಡನೆ ಹೋಲಿಸಿದರೆ ಒಂದು ದಿನದ ಅಂತರ ಬೀಳುತ್ತದೆ. ಸೋಜಿಗವೆಂದರೆ ನಮ್ಮ ಮಳೆಯ ರಜಿಸ್ಟರಿನಲ್ಲಿಯೂ ಇದೇ ಬಗೆಯ ಕ್ರಮವಿದೆ. ಮುಂಜಾನೆ ಮಳೆಮಾಪಕವನ್ನು ಅಳೆದು ಅಂದಿನ ದಿನಾಂಕದಲ್ಲಿ ಬರೆಯುವುದು ರೂಢಿ. ಹಿಂದಿನ ಸಂಜೆ ಸುರಿದ ಮಳೆಯು ಮರುದಿನದ ಲೆಕ್ಕಕ್ಕೆ ಸೇರುತ್ತದೆ. ಹಳೆಯ ಲೆಕ್ಕಗಳು ಇಂಚು-ಸೆಂಟುಗಳಲ್ಲಿದ್ದು, ಸೆಂಟೆಂದರೆ ಇಂಚಿನ ನೂರನೆಯ ಭಾಗವೆಂಬುದನ್ನೂ ಪ್ರತಿಕಾರರು ನೆನಪಿನಲ್ಲಿಡಬೇಕು.

ಒಕ್ಕಲಿಗರ ಪಂಚಾಂಗವು ಮೂರನೆಯದು. ನಮ್ಮವರು ಮಳೆಯನ್ನು ಗುರುತಿಸುವುದು ತಿಂಗಳಿನಿಂದಲ್ಲ, ರೋಹಿಣಿ, ಮೃಗಶಿರ, ಆರಿದ್ರ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಎಂಬ ನಕ್ಷತ್ರಗಳಿಂದ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನಗಳಿರುವುದರಿಂದ ಇವನ್ನು ಇಂಗ್ಲೀಷ ದಿನಾಂಕಗಳಿಗೆ ತಿರುಗಿಸುವುದು ಸಾಧ್ಯ. ಆದರೆ ನಾಕ್ಷತ್ರಿಕ ವರ್ಷವು ಸಾಯನ ವರ್ಷಕ್ಕಿಂತ ಇಪ್ಪತ್ತು ನಿಮಿಷಗಳಷ್ಟು ದೊಡ್ಡದು. ಈ ಇಪ್ಪತ್ತು ನಿಮಿಷಗಳು ಡೋಗಿ ಬರದ ಕಾಲದಿಂದ ಇಂದಿಗೆ ಮೂರು ದಿನಗಳಿಗೂ ಮಿಕ್ಕಿವೆ. ಇಂದು ಜೂನ್ ೭-೮ರ ಸುಮಾರಿಗೆ ಹೂಡುವ ಮೃಗಶಿರವು ಅಂದು ಜೂನ್ ೪ರ ಸುಮಾರಿಗೇ ಹೂಡುತ್ತಿತ್ತು. ‘ಹಿಂದಿನ ಕಾಲದಲ್ಲಿ ಮಿರಗದ ದಿನವೇ ಮಳೆ ಬರುತ್ತಿತ್ತು’ ಎಂಬ ಹಿರಿಯರ ಮಾತನ್ನು ತೂಗಿನೋಡುವಾಗ ಈ ಮೂರು ದಿನಗಳನ್ನೂ ತಕ್ಕಡಿಗೆ ಹಾಕಬೇಕು.

೮

ಕೊನೆಯದಾಗಿ ಒಂದು ಸೂಚನೆಯನ್ನು ಮಾಡಬಯಸುವೆವು. ಕಡಲಿನ ದಿನಚರಿಗಳು ನಮ್ಮ ಬರಗಳಿಗೆ ಹಿನ್ನೆಲೆಯನ್ನು ಒದಗಿಸುವುವು. ಮುನ್ನೆಲೆಯ ಚಿತ್ರವನ್ನು ಬಿಡಿಸತಕ್ಕವು ಇಲ್ಲಿಯ ಕಾಗದಗಳೇ. ಆದರೆ ಇಲ್ಲಿಯ ಕಾಗದಗಳ ಸ್ಥಿತಿ ವಿಚಿತ್ರವಾದುದು. ೧೯೪೮ರವರೆಗೆ ಈ ಚಿಕ್ಕ ಸೀಮೆಯಲ್ಲಿ ನಾಲ್ಕು ಆಡಳಿತಗಳಿದ್ದುವು. ಜಮಖಂಡಿ ಮತ್ತು ಬನಹಟ್ಟಿಗಳು ೧೮೧೧ರಲ್ಲಿ ನೆಲೆಗೊಂಡ ಜಮಖಂಡಿಯ ಪಟವರ್ಧನರಿಗೆ ಸೇರಿದುವು, ಬನಹಟ್ಟಿಗೆ ಹೊಂದಿಕೊಂಡಿರುವ ರಬಕವಿಯು ಸಾಂಗಲಿಯ ಪಟವರ್ಧನರಿಗೆ, ಮುಧೋಳವು ಘೋರ್ಪಡೆಯವರಿಗೆ, ಬೀಳಗಿಯು ಬ್ರಿಟಿಷರಿಗೆ. ಒಂದೇ ಮೋಡವು ಒಂದು ಮಧ್ಯಾಹ್ನದಲ್ಲಿ ನಾಲ್ಕು ಸರಕಾರಗಳ ಮೇಲೆ ಹಾದುಹೋಗಿ ನಾಲ್ಕು ದಫ್ತರಗಳ ವಿಷಯವಾಗುತ್ತಿತ್ತು. ಸಂಸ್ಥಾನಗಳ ವಿಲೀನದ ತರುವಾಯ ಈ ಸೀಮೆಯು ಬಿಜಾಪುರ ಜಿಲ್ಲೆಗೂ, ೧೯೫೬ರಲ್ಲಿ ಅದರೊಡನೆ ಮೈಸೂರು ರಾಜ್ಯಕ್ಕೂ, ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಗೂ ಸೇರಿತು. ಗಡಿ ಬದಲಾದಾಗಲೆಲ್ಲ ಕಾಗದದ ಕಟ್ಟುಗಳು ಸ್ಥಳ ಬದಲಿಸುತ್ತವೆ. ಸ್ಥಳ ಬದಲಿಸಿದಾಗಲೆಲ್ಲ ಕೆಲವು ಕಳೆದುಹೋಗುತ್ತವೆ.

ಕಚೇರಿಯ ಮಳೆಯ ರಜಿಸ್ಟರುಗಳಲ್ಲದೆ, ಕುಲಕರ್ಣಿಯ ಲೆಕ್ಕದ ಪುಸ್ತಕ, ಅಡತಿ ಅಂಗಡಿಯ ಕಿರ್ದಿ-ಖಾತೆ, ರಬಕವಿ-ಬನಹಟ್ಟಿಗಳ ನೇಕಾರಿಕೆಯ ವ್ಯಾಪಾರಿಗಳ ವಹಿ, ಮಠಗಳ ದಾಸೋಹದ ಲೆಕ್ಕ—ಇವೆಲ್ಲವೂ ಮಳೆಯ ಇತಿಹಾಸಕ್ಕೆ ಸಾಧನಗಳೇ. ಜೋಳದ ಧಾರಣೆ ಏರಿದ ವಾರವೂ, ಸೀರೆಯ ಗಿರಾಕಿ ನಿಂತ ತಿಂಗಳೂ ಬರದ ದಿನಾಂಕವನ್ನು ಹೇಳುತ್ತವೆ. ಇವುಗಳಲ್ಲಿ ಹಳೆಯವು ಮೋಡಿಯಲ್ಲಿರುವುದರಿಂದ ಅದನ್ನು ಓದಬಲ್ಲವರು ಮೊದಲು ತರಬೇತಿಯಾಗಬೇಕು. ಒಂದೊಂದು ಪುಟವನ್ನೂ ಮೂವರು ಓದುವ ಕ್ರಮವನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೂ ನಿವೃತ್ತ ಶಿಕ್ಷಕರೂ ಕೂಡಿ ನಡೆಸಬಹುದು. ಅದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ.

ಸ್ವಯಂಸೇವೆಯು ಈ ಸೀಮೆಗೆ ಹೊರಗಿನಿಂದ ಕಲಿಯಬೇಕಾದ ಪಾಠವಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಅಡ್ಡಲಾಗಿ ೧೯೮೯ರಲ್ಲಿ ರೈತರು, ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ, ಸರಕಾರವನ್ನು ಕಾಯದೆ ತಮ್ಮ ಹಣ ಮತ್ತು ಮೈದುಡಿತದಿಂದಲೇ ಬ್ಯಾರೇಜನ್ನು ಕಟ್ಟಿ ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಿಟ್ಟರು. ಹರಿದುಹೋಗುವ ನೀರನ್ನು ತಡೆದು ನಿಲ್ಲಿಸಿದ ಜನರಿಗೆ ಹರಿದುಹೋಗುತ್ತಿರುವ ಕಾಗದಗಳನ್ನು ತಡೆದು ನಿಲ್ಲಿಸುವುದು ಅಸಾಧ್ಯವೆಂದು ನಾವು ಭಾವಿಸುವುದಿಲ್ಲ. ದೂರದ ಕಡಲುಗಳ ಹಡಗುಗಳು ತಮ್ಮ ಸಾಕ್ಷ್ಯವನ್ನು ನುಡಿದಿವೆ. ಅದರೊಡನೆ ಕೂಡಿಸಿ ಓದಲು ನಮ್ಮ ಸಾಕ್ಷ್ಯವೂ ಸಿದ್ಧವಾಗಬೇಕು. ಗೆದ್ದಲಿಗೂ ತೇವಕ್ಕೂ ಸಿಕ್ಕದೆ ಉಳಿದಿರುವುದನ್ನು ಉಳಿದಿರುವಾಗಲೇ ಓದಿಕೊಳ್ಳಬೇಕು.